ಮೊದಲು ಬಿಲ್ ತೋರಿಸಿ, ಆಮೇಲೆ ಅಭಿಪ್ರಾಯ

2001ರಲ್ಲಿ ಬೆಂಗಳೂರಿನ ರಸ್ತೆಗೆ ರೇವಾ ಎಂಬ ಪುಟಾಣಿ ಕರೆಂಟ್ ಕಾರು ಇಳಿದಾಗ ಊರು ನಕ್ಕಿತು. ಎರಡೇ ಬಾಗಿಲು. ಮುಂದೆ ಇಬ್ಬರು ದೊಡ್ಡವರು, ಹಿಂದೆ ಮಡಿಸಿ ಕೂರಿಸಬಹುದಾದ ಇಬ್ಬರು ಮಕ್ಕಳು. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತವರು ಗಾಜಿನೊಳಗೆ ಇಣುಕಿ, ‘ಮಳೆ ಬಂದ್ರೆ ಶಾಕ್ ಹೊಡೆಯಲ್ವಾ ಸಾರ್?’ ಅನ್ನುವವರು. ಚೇತನ್ ಮೈನಿ ಎಂಬ ಎಂಜಿನಿಯರ್ ಇದೇ ಊರಲ್ಲಿ ಕೂತು ಕಟ್ಟಿಸಿದ ಆ ಗಾಡಿ 2004ರ ಹೊತ್ತಿಗೆ ಜಿ-ವಿಜ್ ಎಂದು ಹೆಸರು ಬದಲಿಸಿಕೊಂಡು ಲಂಡನ್ನಿಗೆ ಹೋಯಿತು. ಅಲ್ಲಿ ನಗರದ ನಡುಭಾಗಕ್ಕೆ ಹೋಗುವ ವಾಹನಗಳು ಕಟ್ಟಬೇಕಾದ ದಟ್ಟಣೆ ಶುಲ್ಕದಿಂದ ಕರೆಂಟ್ ಕಾರಿಗೆ ವಿನಾಯಿತಿ ಇತ್ತು. ಹಾಗಾಗಿ ಬ್ರಿಟಿಷರು ಕೊಂಡರು. ಇಲ್ಲಿ ನಾವು ನಗುತ್ತಲೇ ಇದ್ದೆವು. 2010ರಲ್ಲಿ ಕಂಪನಿ ಮಹೀಂದ್ರದ ಕೈಗೆ ಹೋಯಿತು.

ಅಂದು ನಕ್ಕವರು ಈಗೆಲ್ಲಿದ್ದಾರೆ? ಎಲ್ಲಿಯೂ ಹೋಗಿಲ್ಲ. ಬೆಳಗಿನ ವಾಕಿಂಗ್ ಮುಗಿಸಿ, ದರ್ಶಿನಿಯ ಕಟ್ಟೆಗೆ ಒರಗಿ ಬೈಟು ಕಾಫಿ ಹೀರುತ್ತಾ, ‘ಎಲೆಕ್ಟ್ರಿಕ್ ಕಾರು ಅಂದ್ರೆ ಅಮೆರಿಕದವರದ್ದು ಕಣ್ರೀ, ನಮ್ಮವರಿಗೆ ಆ ತಲೆ ಎಲ್ಲಿಂದ ಬರ್ಬೇಕು’ ಎನ್ನುತ್ತಿದ್ದಾರೆ.

ನಾನು ಇದನ್ನು ದೂರಾಗಿ ಹೇಳುತ್ತಿಲ್ಲ. ಈ ನಾಡಿನಲ್ಲಿ ತಂತ್ರಜ್ಞಾನದ ಬಗ್ಗೆ ಅಭಿಪ್ರಾಯ ಹೇಗೆ ಹುಟ್ಟುತ್ತದೆ ಎಂಬುದನ್ನು ಬಹಳ ಕಾಲದಿಂದ ಗಮನಿಸುತ್ತಾ ಬಂದಿದ್ದೇನೆ. ಓದಿನಿಂದ ಹುಟ್ಟುವುದಿಲ್ಲ, ಲೆಕ್ಕದಿಂದ ಹುಟ್ಟುವುದಿಲ್ಲ, ಅನುಭವದಿಂದಲೂ ಅಷ್ಟಕ್ಕಷ್ಟೇ. ಬಿಲ್ಲಿನಿಂದ ಹುಟ್ಟುತ್ತದೆ. ಒಬ್ಬ ಮನುಷ್ಯ ವಿದ್ಯುತ್ ವಾಹನದ ಬಗ್ಗೆ ಏನು ಯೋಚಿಸುತ್ತಾನೆ ಎಂದು ಅವನನ್ನೇ ಕೇಳಿ ಕಾಲ ಹಾಳು ಮಾಡಬೇಡಿ. ಅವನ ಪಾರ್ಕಿಂಗಿನಲ್ಲಿ ಏನು ನಿಂತಿದೆ, ಅದರ ಕಂತು ಇನ್ನೆಷ್ಟು ಬಾಕಿ ಇದೆ, ಅಷ್ಟು ನೋಡಿಕೊಳ್ಳಿ. ಮಿಕ್ಕಿದ್ದನ್ನು ನೀವೇ ಬರೆದುಕೊಡಬಹುದು.

ಹೋದ ತಿಂಗಳು ಡೀಸೆಲ್ ಎಸ್‌ಯುವಿ ಮನೆಗೆ ತಂದವರನ್ನು ಗಮನಿಸಿ. ಗಾಡಿಗೆ ಹಾಕಿದ ಹಾರ ಬಾಡುವುದರೊಳಗೆ ಅವರು ಲಿಥಿಯಂ ಗಣಿಗಾರಿಕೆಯ ಬಗ್ಗೆ ಅತೀವ ಸಂಕಟ ಪಡತೊಡಗುತ್ತಾರೆ. ಚಿಲಿ ದೇಶದ ಅಟಕಾಮ ಮರುಭೂಮಿಯಲ್ಲಿ ನೀರು ಬತ್ತುತ್ತಿದೆಯಂತೆ, ಕಾಂಗೋದ ಕೋಬಾಲ್ಟ್ ಗಣಿಯಲ್ಲಿ ಮಕ್ಕಳು ದುಡಿಯುತ್ತಿದ್ದಾರಂತೆ. ಎರಡೂ ನಿಜವೇ. ಆದರೆ ಇವರ ಕಿಸೆಯಲ್ಲಿರುವ ಫೋನಿಗೂ ಅದೇ ಲಿಥಿಯಂ, ಅದೇ ಕೋಬಾಲ್ಟು. ಆ ಫೋನಿನಲ್ಲೇ ಆ ಕಣ್ಣೀರನ್ನು ನಲವತ್ತು ಜನಕ್ಕೆ ಫಾರ್ವರ್ಡ್ ಮಾಡುತ್ತಾರೆ.

‘ನಿಮ್ಮ ಕರೆಂಟ್ ಗಾಡಿ ಓಡೋದೂ ರಾಯಚೂರಿನ ಕಲ್ಲಿದ್ದಲಿನಿಂದಲೇ ತಾನೇ?’ ಎನ್ನುವುದು ಇವರ ರಾಮಬಾಣ. ದೇಶದಲ್ಲಿ ಉತ್ಪಾದನೆಯಾಗುವ ಕರೆಂಟಿನಲ್ಲಿ ಹೆಚ್ಚೂಕಡಿಮೆ ಮುಕ್ಕಾಲು ಭಾಗ ಈಗಲೂ ಕಲ್ಲಿದ್ದಲಿನದು ಎಂಬುದು ಸತ್ಯ. ಆದರೆ ಪೆಟ್ರೋಲ್ ಎಂಜಿನ್ನು ತಾನು ಕುಡಿದ ಇಂಧನದಲ್ಲಿ ಕಾಲು ಭಾಗದಷ್ಟನ್ನು ಮಾತ್ರ ಚಕ್ರಕ್ಕೆ ಕೊಟ್ಟು, ಉಳಿದದ್ದನ್ನು ಶಾಖವಾಗಿ ಊರಿಗೆ ಹಂಚುತ್ತದೆ, ವಿದ್ಯುತ್ ಮೋಟಾರು ಹಾಗೆ ಪೋಲು ಮಾಡುವುದಿಲ್ಲ ಎಂಬ ಅರ್ಧವನ್ನು ಇವರು ಓದಿಲ್ಲ. ಓದುವುದೂ ಇಲ್ಲ. ಓದಿದರೆ ಎಸ್‌ಯುವಿಯ ಕಂತು ಕಟ್ಟುವಾಗ ಕೈ ನಡುಗೀತು.

ಎದುರು ಪಕ್ಷದವರು ಇವರಿಗಿಂತ ಉತ್ತಮರೆಂದು ತಿಳಿಯಬೇಡಿ. ಎಲೆಕ್ಟ್ರಿಕ್ ಸ್ಕೂಟರ್ ಕೊಂಡವನಿಗೆ ಕೊಂಡ ದಿನವೇ ಸಂತತ್ವ ಪ್ರಾಪ್ತವಾಗುತ್ತದೆ. ಹಸಿರು ನಂಬರ್ ಪ್ಲೇಟಿನ ಹಿಂದೆ ಕೂತವನ ಬೆನ್ನು ಆಂಬುಲೆನ್ಸ್ ಚಾಲಕನ ಬೆನ್ನಿಗಿಂತ ನೆಟ್ಟಗಿರುತ್ತದೆ. ಮೂರು ಯೂನಿಟ್ ಕರೆಂಟಿಗೆ ನೂರು ಕಿಲೋಮೀಟರ್, ಅಂದರೆ ಇಪ್ಪತ್ತು ರೂಪಾಯಿ; ಅದೇ ದೂರಕ್ಕೆ ಪೆಟ್ರೋಲ್ ಗಾಡಿಗೆ ಇನ್ನೂರು ದಾಟುತ್ತದೆ ಎಂಬ ಲೆಕ್ಕವನ್ನು ಮದುವೆ ಮನೆಯಲ್ಲಿ, ಸಾವಿನ ಮನೆಯಲ್ಲಿ, ಲಿಫ್ಟಿನಲ್ಲಿ ಒಪ್ಪಿಸುತ್ತಾನೆ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಹಿಂದೆ ನಡೆದುಕೊಂಡೇ ಹೋಗುತ್ತಿದ್ದ ಬೀದಿ ಕೊನೆಯ ಅಂಗಡಿಗೂ ಈಗ ಸ್ಕೂಟರೇ ಬೇಕು, ಏಕೆಂದರೆ ‘ಖರ್ಚೇ ಇಲ್ವಲ್ಲ’. ಭೂಮಿಯನ್ನು ಉಳಿಸುವ ಭರದಲ್ಲಿ ಕೊತ್ತಂಬರಿ ಸೊಪ್ಪಿಗೂ ಸವಾರಿ.

ಈ ಎರಡೂ ಪಂಗಡಗಳು ಮುಖಾಮುಖಿಯಾಗುವುದನ್ನು ನೋಡಬೇಕಾದರೆ ಯಾವುದಾದರೊಂದು ಅಪಾರ್ಟ್‌ಮೆಂಟ್ ಸಂಘದ ವಾರ್ಷಿಕ ಸಭೆಗೆ ಹೋಗಿ. ನೆಲಮಾಳಿಗೆಯಲ್ಲಿ ಚಾರ್ಜಿಂಗ್ ಪಾಯಿಂಟ್ ಹಾಕಿಸಬೇಕೇ ಬೇಡವೇ ಎಂಬುದು ಚರ್ಚೆಯ ವಿಷಯ. ಯಾವ ಅಪಾರ್ಟ್‌ಮೆಂಟ್ ಎಂದು ಕೇಳಬೇಡಿ. ಎಲ್ಲವೂ ಅದೇ.

‘ಬೆಂಕಿ ಹತ್ತಿಕೊಂಡ್ರೆ ಯಾರು ಜವಾಬ್ದಾರಿ?’ ಎಂದು ಮೊದಲು ಏಳುವವರು ಅಧ್ಯಕ್ಷರು. ಭಯ ಸುಳ್ಳಲ್ಲ. 2022ರ ಮಾರ್ಚ್-ಏಪ್ರಿಲ್‌ನಲ್ಲಿ ದೇಶದ ಬೇರೆ ಬೇರೆ ಕಡೆ ಎಲೆಕ್ಟ್ರಿಕ್ ಸ್ಕೂಟರ್‌ಗಳು ಸಾಲಾಗಿ ಹೊತ್ತಿ ಉರಿದ ವಿಡಿಯೊಗಳು ಎಲ್ಲರ ಫೋನಿನಲ್ಲೂ ಇವೆ. ಆಮೇಲೆ ಕೇಂದ್ರ ಸರ್ಕಾರ ಬ್ಯಾಟರಿ ಪರೀಕ್ಷೆಯ ನಿಯಮಗಳನ್ನು ಬಿಗಿ ಮಾಡಿದ ಸುದ್ದಿ ಯಾರ ಫೋನಿಗೂ ಬರಲಿಲ್ಲ. ನಿಯಮ ಉರಿಯುವುದಿಲ್ಲ, ಹಾಗಾಗಿ ವಿಡಿಯೊ ಇಲ್ಲ. ಇರಲಿ. ಅಧ್ಯಕ್ಷರು ಬೆಂಕಿಯ ಅಪಾಯದ ಬಗ್ಗೆ ಗದ್ಗದಿತರಾಗಿ ಮಾತನಾಡುತ್ತಿರುವಾಗ ಅವರ ಕಾಲ ಕೆಳಗೆ, ಅದೇ ನೆಲಮಾಳಿಗೆಯ ಮೂಲೆಯಲ್ಲಿ, ಜನರೇಟರಿಗೆಂದು ನೂರಾರು ಲೀಟರ್ ಡೀಸೆಲ್ ತಣ್ಣಗೆ ಕೂತಿರುತ್ತದೆ. ಅದರಾಚೆ ಟ್ಯಾಂಕು ತುಂಬಿಸಿಕೊಂಡ ಐವತ್ತು ಕಾರುಗಳು. ಅದಕ್ಕೆ ಯಾರೂ ಹೆದರುವುದಿಲ್ಲ. ‘ನೂರಕ್ಕೆ ನೂರು ಪವರ್ ಬ್ಯಾಕಪ್’ ಎಂದು ಬಿಲ್ಡರ್ ಕೊಟ್ಟ ಕರಪತ್ರದಲ್ಲೇ ಅಚ್ಚಾಗಿತ್ತಲ್ಲ. ಕರಪತ್ರದಲ್ಲಿ ಬಂದದ್ದು ಉರಿಯುವುದಿಲ್ಲ ಎಂಬ ನಂಬಿಕೆ.

ಬೆಂಕಿಯ ಮಾತು ಮುಗಿದ ಮೇಲೆ ನಿಜವಾದ ವಿಷಯಕ್ಕೆ ಬರುತ್ತಾರೆ. ವೈರಿಂಗ್ ಖರ್ಚು ಯಾರದ್ದು? ಗಾಡಿ ಇದ್ದವರದ್ದೋ, ಎಲ್ಲರದ್ದೋ? ಈ ಪ್ರಶ್ನೆ ಎದ್ದ ಮೇಲೆ ಪರಿಸರ ಎಂಬ ಪದ ಆ ಸಭೆಯಲ್ಲಿ ಮತ್ತೆ ಕೇಳಿಬರುವುದಿಲ್ಲ.

ಅಜೆಂಡಾದ ಮುಂದಿನ ಬಾಬತ್ತು ತಾರಸಿಯ ಮೇಲೆ ಸೋಲಾರ್. ಇದರಲ್ಲಿ ಎಲ್ಲರೂ ಪಂಡಿತರು. ಒಂದು ಕಿಲೋವಾಟ್ ಫಲಕಕ್ಕೆ ನೂರು ಚದರಡಿಯಷ್ಟು ಬಿಸಿಲು ಬೀಳುವ ಜಾಗ ಬೇಕು, ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಬರುತ್ತದೆ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವಾಟ್ ಹಾಕಿಸಿದ ಮನೆಗೆ 78,000 ರೂಪಾಯಿ ಸಬ್ಸಿಡಿ. ಅಪಾರ್ಟ್‌ಮೆಂಟಿನ ಪಂಪು, ಲಿಫ್ಟು, ಮೆಟ್ಟಿಲ ದೀಪಗಳಿಗಾಗಿ ಸಂಘವೇ ಹಾಕಿಸಿದರೆ ಕಿಲೋವಾಟಿಗೆ 18,000. ಇಷ್ಟು ಮಾಹಿತಿ ಸರ್ಕಾರದ ಜಾಲತಾಣದಲ್ಲಿ ಎಲ್ಲರಿಗೂ ಕಾಣುವಂತೆ ಇದೆ. ಸಭೆಯಲ್ಲಿ ಮಾತ್ರ ಚರ್ಚೆ ನಡೆಯುವುದು, ಫಲಕದ ನೆರಳು ಯಾರ ಹಪ್ಪಳ ಒಣಗಿಸುವ ಜಾಗದ ಮೇಲೆ ಬೀಳುತ್ತದೆ ಎಂಬುದರ ಬಗ್ಗೆ. ಮೇಲಿನ ಮಹಡಿಯವರು ತಾರಸಿ ತಮ್ಮದೆನ್ನುತ್ತಾರೆ. ಕೆಳಗಿನವರು ತಾರಸಿ ಎಲ್ಲರದೂ, ಸೋರಿಕೆ ಮಾತ್ರ ಮೇಲಿನವರದ್ದು ಎನ್ನುತ್ತಾರೆ.

ಆಗ ಹಿಂದಿನ ಸಾಲಿನಿಂದ ಒಂದು ಧ್ವನಿ: ‘ನಮ್ಮ ಮನೆ ಬಿಲ್ಲೇ ಸೊನ್ನೆ ಬರ್ತಿದೆ, ಸೋಲಾರ್ ಯಾಕ್ರೀ?’

ಇದು ಗೃಹಜ್ಯೋತಿಯ ಧ್ವನಿ. 2023ರಿಂದ ರಾಜ್ಯದಲ್ಲಿ ತಿಂಗಳಿಗೆ 200 ಯೂನಿಟ್ ಒಳಗಿನ ಮನೆ ಬಳಕೆಗೆ ದುಡ್ಡಿಲ್ಲ. ಬಡವರ ಮನೆಯ ದೀಪದ ಮಟ್ಟಿಗೆ ನನಗೆ ತಕರಾರಿಲ್ಲ, ಯೋಜನೆ ಒಳ್ಳೆಯದೇ. ಆದರೆ ಅದರ ಲೆಕ್ಕದೊಳಗೆ ಒಂದು ತಮಾಷೆ ಇದೆ. ಯಾರಿಗೆ ಎಷ್ಟು ಉಚಿತ ಎಂಬುದು ನಿರ್ಧಾರವಾದದ್ದು ಅವರ ಹಿಂದಿನ ವರ್ಷದ ಸರಾಸರಿ ಬಳಕೆಯ ಮೇಲೆ, ಅದಕ್ಕೆ ಶೇ 10 ಸೇರಿಸಿ. ಅಂದರೆ ಎಲ್‌ಇಡಿ ಬಲ್ಬು ಹಾಕಿ, ಸ್ವಿಚ್ ಆರಿಸಿ, ಮಕ್ಕಳಿಗೆ ಬೈದು, ಅರವತ್ತು ಯೂನಿಟ್ಟಿನಲ್ಲಿ ತಿಂಗಳು ತೂಗಿಸಿದ ಮಹಾತಾಯಿಗೆ ಅರವತ್ತಾರು. ಹಗಲೂ ರಾತ್ರಿ ಎಲ್ಲ ಕೋಣೆಯಲ್ಲೂ ಫ್ಯಾನು ತಿರುಗಿಸಿಕೊಂಡು ನೂರ ಎಂಬತ್ತು ಉರಿಸಿದವರಿಗೆ ನೂರ ತೊಂಬತ್ತೆಂಟು. ಮಿತವ್ಯಯಕ್ಕೆ ಈ ನಾಡು ಕೊಟ್ಟ ಬಹುಮಾನ ಇದು. ಅಂದಿನಿಂದ ಆ ಮಹಾತಾಯಿಯ ಪಕ್ಕದ ಮನೆಯವರು ಇಂಧನ ಉಳಿತಾಯದ ಬಗ್ಗೆ ಭಾಷಣ ಮಾಡುವವರನ್ನು ಕಂಡರೆ ಮುಸಿಮುಸಿ ನಗುತ್ತಾರೆ, ನನಗೆ ತಡೆಯಲು ಬಾಯಿಲ್ಲ.

ಇನ್ನು ಹೇಗೋ ಸೋಲಾರ್ ಹಾಕಿಸಿಯೇ ಬಿಟ್ಟವರ ಕಥೆ. ಸ್ವಂತ ಮನೆ, ಸ್ವಂತ ತಾರಸಿ, ಸ್ವಂತ ಸೂರ್ಯ. ನೆಂಟರು ಬಂದರೆ ಕಾಫಿಗೆ ಮೊದಲು ಮೊಬೈಲಿನಲ್ಲಿ ಇವತ್ತಿನ ಉತ್ಪಾದನೆಯ ಗ್ರಾಫು. ‘ಬೆಸ್ಕಾಂನವರೇ ನಮಗೆ ದುಡ್ಡು ಕೊಡಬೇಕು’ ಎಂಬ ಹೆಮ್ಮೆ. ಒಂದು ಮಧ್ಯಾಹ್ನ, ನೆತ್ತಿ ಸುಡುವ ಬಿಸಿಲಿನಲ್ಲಿ, ಬೀದಿಯ ಟ್ರಾನ್ಸ್‌ಫಾರ್ಮರ್ ಡಬ್ ಎನ್ನುತ್ತದೆ. ಇಡೀ ಬೀದಿಯ ಕರೆಂಟ್ ಹೋಗುತ್ತದೆ. ಇವರದ್ದೂ ಹೋಗುತ್ತದೆ! ತಾರಸಿಯ ಮೇಲೆ ಎರಡೂವರೆ ಲಕ್ಷದ ಫಲಕ, ಅದರ ಮೇಲೆ ಧಗಧಗ ಸೂರ್ಯ, ಕೆಳಗೆ ಬೀಸಣಿಗೆ ಹಿಡಿದ ಯಜಮಾನರು. ಗ್ರಿಡ್ಡಿಗೆ ಜೋಡಿಸಿದ, ಬ್ಯಾಟರಿ ಇಲ್ಲದ ಸೋಲಾರು ಲೈನಿನಲ್ಲಿ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲಲೇಬೇಕು. ಇಲ್ಲದಿದ್ದರೆ ರಿಪೇರಿಗೆ ಕಂಬ ಹತ್ತಿದ ಲೈನ್‌ಮನ್ನಿಗೆ ಇವರ ತಾರಸಿಯ ಕರೆಂಟು ಹೊಡೆಯುತ್ತದೆ. ಇದನ್ನು ಮಾರುವವರು ಹೇಳಿರುತ್ತಾರೆ ಕೂಡ, ಸಬ್ಸಿಡಿಯ ಅಂಕಿ ಕೇಳುತ್ತಿದ್ದ ಕಿವಿಗೆ ಅದು ಬಿದ್ದಿರುವುದಿಲ್ಲ. ಮರುದಿನದಿಂದ ಯಜಮಾನರ ಅಭಿಪ್ರಾಯ: ‘ಸೋಲಾರ್ ಎಲ್ಲಾ ಬೋಗಸ್ಸು.’

ಅಂದ ಹಾಗೆ, ತಂಪಿನ ವಿಷಯ. ಸ್ಟಾರ್ ಗುರುತಿನ ಎಸಿಗಳೆಲ್ಲ ಆನ್ ಮಾಡಿದಾಗ 24 ಡಿಗ್ರಿಯಲ್ಲೇ ಶುರುವಾಗಬೇಕು ಎಂದು 2020ರ ಜನವರಿಯಿಂದ ಕೇಂದ್ರದ ಇಂಧನ ದಕ್ಷತಾ ಬ್ಯೂರೊ ಕಡ್ಡಾಯ ಮಾಡಿತು. ಒಂದೊಂದು ಡಿಗ್ರಿ ಏರಿಸಿದರೆ ಶೇ 6ರಷ್ಟು ಕರೆಂಟ್ ಉಳಿಯುತ್ತದೆಂಬುದು ಅದರ ಲೆಕ್ಕ. ಹೊರವರ್ತುಲ ರಸ್ತೆಯ ಗಾಜಿನ ಕಚೇರಿಗಳಲ್ಲಿ ಹದಿನೆಂಟು ಡಿಗ್ರಿ ತಂಪಿನಲ್ಲಿ, ಕುರ್ಚಿಯ ಬೆನ್ನಿಗೆ ಸದಾ ನೇತುಹಾಕಿಕೊಂಡ ಸ್ವೆಟರ್ ತೊಟ್ಟು, ಸುಸ್ಥಿರತೆಯ ವರದಿ ತಯಾರಿಸುವ ನಮ್ಮ ಮಕ್ಕಳನ್ನು ನೆನೆದರೆ ಕರುಳು ಚುರ್ ಎನ್ನುತ್ತದೆ. ಬೆಂಗಳೂರಿನ ಹವಾಮಾನ ಚೆನ್ನಾಗಿದೆ ಎಂದು ಬಂದ ಕಂಪನಿಗಳು ಕಿಟಕಿ ತೆರೆಯಲಾಗದ ಕಟ್ಟಡ ಕಟ್ಟಿಸಿದವು. ಇದರ ಬಗ್ಗೆ ಯಾರಿಗೂ ಅಭಿಪ್ರಾಯವಿಲ್ಲ. ಆ ಬಿಲ್ಲು ಕಂಪನಿಯದ್ದು.

ಸಾಫ್ಟ್‌ವೇರಿನ ಮಾತಿಗೆ ಬಂದರೆ ನಾವು ರಾಜಧಾನಿಯವರು, ಕೇಳುವುದೇ ಬೇಡ. ಇಲ್ಲಿ ಪಂಗಡಗಳು ಎರಡು: ಅಪ್‌ಡೇಟ್ ಮಾಡುವವರು, ‘ರಿಮೈಂಡ್ ಮಿ ಲೇಟರ್’ ಒತ್ತುವವರು. ಎರಡನೆಯವರು ಬಹುಸಂಖ್ಯಾತರು, ಮನೆಯ ಹಿರಿಯರೆಲ್ಲ ಇದರ ಆಜೀವ ಸದಸ್ಯರು. ಅವರ ಬಾಯಲ್ಲಿ ಒಂದು ದಿನಾಂಕ ಸದಾ ಸಿದ್ಧ: 2024ರ ಜುಲೈ 19. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ಅಪ್‌ಡೇಟಿಗೆ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ಎಳೆದುಕೊಂಡು ಮಲಗಿದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಬಾಲ್‌ಪೆನ್ನಿನಲ್ಲಿ ಬರೆದುಕೊಟ್ಟರು. ‘ನೋಡಿದ್ರಾ? ಅಪ್‌ಡೇಟ್ ಮಾಡಬಾರದು ಅಂತ ನಾನು ಮೊದಲೇ ಹೇಳ್ತಿದ್ದೆ.’

ಅವರು ಹೇಳದ ದಿನಾಂಕ 2017ರ ಮೇ. ಆ ತಿಂಗಳು ವಾನಾಕ್ರೈ ಎಂಬ ವೈರಾಣು 150ಕ್ಕೂ ಹೆಚ್ಚು ದೇಶಗಳ ಲಕ್ಷಾಂತರ ಕಂಪ್ಯೂಟರುಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳೇ ರದ್ದಾದವು. ಅದನ್ನು ತಡೆಯುವ ತೇಪೆಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮುಂಚೆ, ಮಾರ್ಚಿನಲ್ಲೇ, ಕಳಿಸಿತ್ತು. ಬೀಗ ಬಿದ್ದದ್ದು ‘ಆಮೇಲೆ ನೆನಪಿಸು’ ಎಂದವರ ಕಂಪ್ಯೂಟರಿಗೆ. ಅಪ್‌ಡೇಟ್ ಪಂಗಡದವರು ಈ ಕಥೆಯನ್ನು ಮಾತ್ರ ಹೇಳುತ್ತಾರೆ, ಜುಲೈ 19 ಅವರ ಕ್ಯಾಲೆಂಡರಿನಲ್ಲಿಲ್ಲ. ಇವೆರಡನ್ನೂ ಒಟ್ಟಿಗೆ ಹೇಳುವವನನ್ನು ಯಾವ ಪಂಗಡವೂ ಸೇರಿಸಿಕೊಳ್ಳುವುದಿಲ್ಲ. ಇದು ಮಾತ್ರ ನನ್ನ ಅನುಭವದ ಮಾತು.

ವಾಟ್ಸ್ಆ್ಯಪ್ ಮಾವಂದಿರನ್ನು ಸಾರಾಸಗಟಾಗಿ ತಳ್ಳಿಹಾಕುವವರಿಗೂ ಒಂದು ಕಿವಿಮಾತು. ‘ಹೊಸ ಫೋನ್ ಮಾರೋಕೆ ಹಳೇ ಫೋನನ್ನ ಕಂಪನಿಯವರೇ ಸ್ಲೋ ಮಾಡ್ತಾರೆ’ ಎಂದು ಮಾವ ಹೇಳಿದಾಗ ಎಂಜಿನಿಯರ್ ಅಳಿಯ ನಕ್ಕಿದ್ದ. 2017ರ ಡಿಸೆಂಬರಿನಲ್ಲಿ ಆ್ಯಪಲ್ ಕಂಪನಿಯೇ ಹೌದು, ಹಳೆಯ ಐಫೋನುಗಳ ವೇಗ ತಗ್ಗಿಸುತ್ತಿದ್ದೇವೆ ಎಂದು ಒಪ್ಪಿಕೊಂಡಿತು. ಬ್ಯಾಟರಿ ಸೋತ ಫೋನು ಏಕಾಏಕಿ ಆರಿಹೋಗಬಾರದೆಂದು ಹಾಗೆ ಮಾಡಿದೆವು ಎಂಬುದು ಅದರ ಸಮಜಾಯಿಷಿ. ಆಮೇಲೆ ಬ್ಯಾಟರಿ ಬದಲಿಸುವ ದರ ಇಳಿಸಿತು, ಅಮೆರಿಕದಲ್ಲಿ 50 ಕೋಟಿ ಡಾಲರ್‌ವರೆಗಿನ ರಾಜಿಗೂ ಒಪ್ಪಿತು. ಮಾವ ಅಂದಿನಿಂದ ತಾನು ಹೇಳಿದ ಉಳಿದೆಲ್ಲವೂ, ಫೋನ್ ಟವರಿನಿಂದ ಗುಬ್ಬಚ್ಚಿ ಸತ್ತದ್ದೂ ಸೇರಿ, ಹಾಗೆಯೇ ಸಾಬೀತಾಯಿತೆಂದು ತಿಳಿದಿದ್ದಾರೆ.

ಕಂಪನಿಗಳ ಹಸಿರು ನಮ್ಮ ಹಸಿರಿಗಿಂತ ಒಂದು ಕೈ ಮೇಲು. ಅದೇ ಆ್ಯಪಲ್ 2020ರಲ್ಲಿ ಪರಿಸರದ ಹೆಸರು ಹೇಳಿ ಫೋನಿನ ಡಬ್ಬಿಯಿಂದ ಚಾರ್ಜರ್ ತೆಗೆಯಿತು. ಡಬ್ಬಿ ತೆಳ್ಳಗಾಯಿತು. ಫೋನಿನ ಬೆಲೆ ತೆಳ್ಳಗಾಗಲಿಲ್ಲ. ಚಾರ್ಜರ್ ಬೇಕೆಂದರೆ ಬೇರೆ ಡಬ್ಬಿಯಲ್ಲಿ, ಬೇರೆ ಬಿಲ್ಲಿನಲ್ಲಿ. ಎಲ್ಲ ಫೋನಿಗೂ ಒಂದೇ ಬಗೆಯ ತೂತು ಇರಲಿ ಎಂದು ಯುರೋಪ್ ಕಾನೂನು ಮಾಡಿ, 2024ರ ಡಿಸೆಂಬರಿನ ಗಡುವು ಕೊಟ್ಟ ಮೇಲೆ ಜಗತ್ತಿನ ತೂತುಗಳು ಒಂದಾದವು. ಪರಿಸರ ಕಾಳಜಿಯಿಂದ ಆಗದ ಕೆಲಸ ದಂಡದ ಹೆದರಿಕೆಯಿಂದ ಆಯಿತು.

ಮೈಕ್ರೋಸಾಫ್ಟ್ 2020ರಲ್ಲಿ ಒಂದು ಪ್ರತಿಜ್ಞೆ ಮಾಡಿತು. ತಾನು ಗಾಳಿಗೆ ಬಿಡುವುದಕ್ಕಿಂತ ಹೆಚ್ಚು ಇಂಗಾಲವನ್ನು 2030ರ ಹೊತ್ತಿಗೆ ಗಾಳಿಯಿಂದ ತೆಗೆಯುತ್ತೇನೆ ಎಂದು. 2024ರಲ್ಲಿ ಅದರದೇ ವರದಿ, ತನ್ನ ಹೊರಸೂಸುವಿಕೆ 2020ಕ್ಕಿಂತ ಶೇ 29ರಷ್ಟು ಏರಿದೆ ಎಂದಿತು. ಡೇಟಾ ಸೆಂಟರ್ ಕಟ್ಟಬೇಕಲ್ಲ, ನಮ್ಮ ಮದುವೆ ಆಮಂತ್ರಣಕ್ಕೆ ಕೃತಕ ಬುದ್ಧಿಮತ್ತೆ ಪದ್ಯ ಬರೆಯಬೇಕಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ನಿಂತಿತು. ಹೊಸ ಆವೃತ್ತಿ ಬೇಕೆಂದರೆ ಕಂಪ್ಯೂಟರಿನಲ್ಲಿ ನಿರ್ದಿಷ್ಟ ಭದ್ರತಾ ಚಿಪ್ ಇರಬೇಕು, ಪ್ರೊಸೆಸರು ಇತ್ತೀಚಿನದಾಗಿರಬೇಕು. ಇಲ್ಲದಿದ್ದರೆ, ಹೆಚ್ಚೆಂದರೆ ಇನ್ನೊಂದು ವರ್ಷದ ಭದ್ರತಾ ತೇಪೆ ಇಸಿದುಕೊಂಡು, ಆಮೇಲೆ ಚೆನ್ನಾಗಿ ಓಡುತ್ತಿರುವ ಲ್ಯಾಪ್‌ಟಾಪನ್ನು ಗುಜರಿಗೆ ಹಾಕಿ. ಲಿನಕ್ಸ್ ಹಾಕಿಕೊಂಡರೆ ಅದೇ ಲ್ಯಾಪ್‌ಟಾಪ್ ಇನ್ನೂ ಐದಾರು ವರ್ಷ ಬಾಳುತ್ತದೆ ಎನ್ನುವ ಹುಡುಗನೊಬ್ಬ ಪ್ರತಿ ಬೀದಿಯಲ್ಲೂ ಇದ್ದಾನೆ. ಅವನು ಹೇಳುವುದು ಸರಿ. ಆದರೆ ಆ ಸರಿಯನ್ನು ಅವನು ಎರಡು ಗಂಟೆ ಹೇಳುತ್ತಾನೆ. ಅರ್ಧ ಗಂಟೆಗೇ ಜನ ಹೊಸ ಲ್ಯಾಪ್‌ಟಾಪ್ ಆರ್ಡರ್ ಮಾಡಿರುತ್ತಾರೆ.

2022ರಲ್ಲಿ ಜಗತ್ತು ಹೊರಹಾಕಿದ ವಿದ್ಯುನ್ಮಾನ ಕಸ 6.2 ಕೋಟಿ ಟನ್ ಎಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಅದರಲ್ಲಿ ಕಾಲು ಭಾಗವೂ ಕ್ರಮಬದ್ಧವಾದ ಮರುಬಳಕೆಗೆ ಹೋಗಲಿಲ್ಲ. ನಮ್ಮ ಮನೆಗಳ ಕೊಡುಗೆ ಇನ್ನೂ ಪೂರ್ತಿ ಆ ಲೆಕ್ಕಕ್ಕೆ ಬಂದಿಲ್ಲ. ಅದು ಟಿವಿ ಕೆಳಗಿನ ಡ್ರಾಯರಿನಲ್ಲಿದೆ: ‘ಏನಾದರೂ ಬೇಕಾದೀತು’ ಎಂದು ಇಟ್ಟ ನಾಲ್ಕು ಸತ್ತ ಫೋನು, ಗಂಟು ಬಿದ್ದ ಹನ್ನೆರಡು ಕೇಬಲ್ಲು, ಯಾವುದರದ್ದೆಂದು ಯಾರಿಗೂ ತಿಳಿಯದ ಒಂದು ಅಡಾಪ್ಟರು.

ಕನ್ನಡಾಭಿಮಾನದ ಸಾಫ್ಟ್‌ವೇರ್ ಅಭಿಪ್ರಾಯವನ್ನೂ ಹೇಳದೆ ಹೋದರೆ ತಪ್ಪಾದೀತು. ‘ಎಲ್ಲ ಆ್ಯಪಿನಲ್ಲೂ ಕನ್ನಡ ಕಡ್ಡಾಯ ಮಾಡಬೇಕು’ ಎಂದು ಗುಂಪಿನಲ್ಲಿ ಗುಡುಗುವ ಮಹನೀಯರು ಆ ಗುಡುಗನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿರುತ್ತಾರೆ. ಕೆ.ಪಿ. ರಾವ್ ಅವರು ದಶಕಗಳ ಹಿಂದೆಯೇ ಕನ್ನಡಕ್ಕೆ ಒಪ್ಪುವ ಕೀಲಿಮಣೆ ಹಾಸು ರೂಪಿಸಿಕೊಟ್ಟರು, ಈಗ ಎಂಥ ಅಗ್ಗದ ಫೋನಿನಲ್ಲೂ ಕನ್ನಡ ಕೂತಿದೆ, ಮಾತಾಡಿದರೆ ಬರೆದುಕೊಳ್ಳುತ್ತದೆ. ಎಟಿಎಂ ಮುಂದೆ ನಿಂತು ‘ಕನ್ನಡ’ ಎಂಬ ಗುಂಡಿಯ ಮೇಲಿಂದ ಬೆರಳು ಹಾಯಿಸಿ ‘ಇಂಗ್ಲಿಷ್’ ಒತ್ತುವ ನಮ್ಮನ್ನು ಯಾವ ಸಾಫ್ಟ್‌ವೇರು ಉದ್ಧಾರ ಮಾಡೀತು, ನನಗಂತೂ ತಿಳಿಯದು.

ಇವೆಲ್ಲ ನಗುವ ಸಂಗತಿಗಳು. ಬೆಂಗಳೂರಿನ ತಾರಸಿಗೂ ನೆಲಮಾಳಿಗೆಗೂ ನಡುವೆ ಹುಟ್ಟಿ ಅಲ್ಲೇ ಸಾಯುವ ಅಭಿಪ್ರಾಯಗಳು. ಆದರೆ ಕೆಲವು ಅಭಿಪ್ರಾಯಗಳು ಊರಾಚೆಗೂ ಪ್ರಯಾಣ ಮಾಡುತ್ತವೆ, ಅಲ್ಲಿ ಹೋದ ಮೇಲೆ ಅಷ್ಟು ನಗು ಬರುವುದಿಲ್ಲ.

‘ತಾರಸಿ ಮೇಲೆಲ್ಲ ರಗಳೆ ಯಾಕೆ, ಸರ್ಕಾರ ದೊಡ್ಡದಾಗಿ ಎಲ್ಲಾದರೂ ಸೋಲಾರ್ ಹಾಕಲಿ’ ಎನ್ನುತ್ತದೆ ನಮ್ಮ ಸಭೆ. ಆ ‘ಎಲ್ಲಾದರೂ’ ಎಂಬ ಊರು ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿದೆ. ತಿರುಮಣಿ, ವಳ್ಳೂರು ಸೇರಿ ಐದು ಹಳ್ಳಿಗಳ ಸುಮಾರು 13,000 ಎಕರೆ, 2,050 ಮೆಗಾವಾಟ್. ಬರಗಾಲಕ್ಕೆ ಹೆಸರಾದ ಸೀಮೆ. ಸರ್ಕಾರ ಜಮೀನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಎರಡು ವರ್ಷಕ್ಕೊಮ್ಮೆ ಶೇ 5 ಹೆಚ್ಚಳ. ಭೂಸ್ವಾಧೀನದ ನಮ್ಮ ಚರಿತ್ರೆಯನ್ನು ನೋಡಿದರೆ ಇದು ಎಷ್ಟೋ ಮೇಲು, ಒಪ್ಪಬೇಕು. ಮಳೆಯನ್ನೇ ನಂಬಿ ಕಡಲೆಕಾಯಿ ಬಿತ್ತಿ ಸೋತವನಿಗೆ ನಿಶ್ಚಿತ ಬಾಡಿಗೆ ಬಂತು. ಆದರೆ ಬಾಡಿಗೆ ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಆ ಬೀಳಿನಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಪಹಣಿ ಇರಲಿಲ್ಲ. ಫಲಕದ ಸುತ್ತ ಬೇಲಿ ಬಂತು. ಅವರ ಅಭಿಪ್ರಾಯ ಕೇಳುವ ವಾರ್ಷಿಕ ಸಭೆ ಯಾವುದೂ ಇಲ್ಲ.

ಕರೆಂಟು ಹುಟ್ಟಿದ ಊರನ್ನು ಬಿಟ್ಟು ದೂರದವರ ಮನೆಗೆ ಹೋಗುವುದು ಈ ರಾಜ್ಯದಲ್ಲಿ ಹಳೆಯ ಚಾಳಿ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ತೆಗೆದ ಕರೆಂಟು ಮೊದಲು ಹೋದದ್ದು ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿಗೆ ಬಂದದ್ದು 1905ರಲ್ಲಿ.

ಈಗ ಹೊಸ ಅಭಿಪ್ರಾಯವೊಂದು ಚಾಲ್ತಿಗೆ ಬಂದಿದೆ: ‘ಸೋಲಾರ್ ಹಗಲಲ್ಲಿ ಮಾತ್ರ ಬರುತ್ತೆ, ಸ್ಟೋರೇಜ್ ಬೇಕೇ ಬೇಕು.’ ಖಂಡಿತ ಬೇಕು. ಮಧ್ಯಾಹ್ನ ಬೇಡವೆಂದರೂ ಸುರಿಯುವ ಕರೆಂಟನ್ನು ಸಂಜೆ ಏಳಕ್ಕೆ ಎಲ್ಲರೂ ಒಟ್ಟಿಗೆ ಸ್ವಿಚ್ ಒತ್ತುವ ಹೊತ್ತಿಗೆ ಉಳಿಸಿಡಬೇಕು. ಅದಕ್ಕೆ ಒಂದು ದಾರಿ, ಹಗಲು ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ, ರಾತ್ರಿ ಕೆಳಗೆ ಬಿಟ್ಟು ಕರೆಂಟ್ ತೆಗೆಯುವುದು. ಎತ್ತಲು ಖರ್ಚಾದದ್ದರಲ್ಲಿ ಕಡಿಮೆಯೆಂದರೂ ಐದನೇ ಒಂದು ಭಾಗ ನಷ್ಟವಾಗುತ್ತದೆ, ಆದರೂ ವಿಧಾನ ಕೆಟ್ಟದ್ದೇನಲ್ಲ. ನಮ್ಮ ರಾಜ್ಯ ಇದಕ್ಕೆ ಆರಿಸಿಕೊಂಡ ಜಾಗ ಶರಾವತಿ ಕಣಿವೆ. ತಳಕಳಲೆ ಮೇಲೆ, ಗೇರುಸೊಪ್ಪ ಕೆಳಗೆ, ನಡುವೆ ಸುರಂಗ, 2,000 ಮೆಗಾವಾಟ್. ಸಿಂಗಳೀಕಗಳಿಗೆಂದು ಮೀಸಲಿಟ್ಟ ಅಭಯಾರಣ್ಯದ ಒಳಗೆ. ಮಲೆನಾಡಿನವರು ಬೇಡವೆಂದು ಬೀದಿಗಿಳಿದರೆ ನಮ್ಮ ಲಿಫ್ಟಿನಲ್ಲಿ ಕೇಳಿಬರುವ ತೀರ್ಪು: ‘ಇವರಿಗೆ ಅಭಿವೃದ್ಧಿಯೇ ಬೇಡ.’

ಶರಾವತಿಯವರು ಅಭಿವೃದ್ಧಿಗೆ ಒಮ್ಮೆ ದುಡ್ಡು ಕಟ್ಟಿ ಆಗಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮನೆ, ಅಡಿಕೆ ತೋಟ, ದೇವಸ್ಥಾನ ಎಲ್ಲ ನೀರಿಗೆ ಬಿಟ್ಟು ಎದ್ದು ಬಂದರು. ಅವರಲ್ಲಿ ಎಷ್ಟೋ ಕುಟುಂಬಗಳ ಹಕ್ಕುಪತ್ರದ ಗೋಳು ಇವತ್ತಿಗೂ ಮುಗಿದಿಲ್ಲ. ಹಿನ್ನೀರಿನಾಚೆಯ ತುಮರಿ ಸೀಮೆಯವರು ಆಸ್ಪತ್ರೆಗೆ ಹೋಗಬೇಕಾದರೂ ಲಾಂಚ್ ಹತ್ತಿ, ಸಂಜೆ ಲಾಂಚ್ ನಿಂತ ಮೇಲೆ ಬೆಳಗಿನವರೆಗೆ ಕಾದು, ಅಂತೂ 2025ರ ಜುಲೈನಲ್ಲಿ ಒಂದು ಸೇತುವೆ ಕಂಡರು. ಆರು ದಶಕ ಹಿಡಿಯಿತು. ಅವರ ನೀರಿನಿಂದ ಬಂದ ಬೆಳಕಿನಲ್ಲೇ ನಾವು ಅಷ್ಟೂ ವರ್ಷ ಕೂತು ದೇಶದ ಅಭಿವೃದ್ಧಿಯ ಬಗ್ಗೆ ಮಾತಾಡಿದ್ದು.

ಹಸಿರು ಕರೆಂಟು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ದರಿಂದ ಓದುಗರಲ್ಲಿ ಒಂದು ಮನವಿ. ಮುಂದಿನ ಸಲ ನಿಮ್ಮ ಸಂಘ ಸೇರಿದಾಗ ಹೀಗೊಂದು ನಿರ್ಣಯ ಮಂಡಿಸಿ: ನಮ್ಮ ತಾರಸಿಯ ಹಪ್ಪಳದ ಜಾಗ ಬಿಟ್ಟುಕೊಡುವ ತನಕ ಪಾವಗಡದ ಬೀಳಿನ ಬಗ್ಗೆಯಾಗಲೀ, ಶರಾವತಿಯ ಕಾಡಿನ ಬಗ್ಗೆಯಾಗಲೀ ಈ ಕಟ್ಟಡದಲ್ಲಿ ಯಾರೂ ಅಭಿಪ್ರಾಯ ಹೇಳತಕ್ಕದ್ದಲ್ಲ. ಸೂಚಕರು ನೀವೇ ಇದ್ದೀರಿ. ಅನುಮೋದಕರನ್ನು ಮಾತ್ರ ಈಗಿನಿಂದಲೇ ಹುಡುಕತೊಡಗಿ.